ಕಾರ್ಡು ಕೊಡುವ ಮುನ್ನ ಆರು ಸೂತ್ರಗಳು

ಅಂಗಡಿಯವರಿಗೆ ಸಲ್ಲಬೇಕಾದದ್ದು ಬಿಲ್ಲಿನ ಹಣ ಮಾತ್ರ. ಕಾರ್ಡಿನ ನಂಬರು, ಹಿಂಬದಿಯ ಸಿವಿವಿ, ಪಿನ್ ಯಾವುದನ್ನೂ ಅವರು ಬರೆದಿಟ್ಟುಕೊಳ್ಳಬೇಕಿಲ್ಲ. ಇದಿಷ್ಟು ಮನಸ್ಸಿನಲ್ಲಿದ್ದರೆ ಕೌಂಟರಿನಲ್ಲಿ ‘ಬೇಡ’ ಎನ್ನಲು ಸಂಕೋಚವಾಗದು.

1. ಕಾರ್ಡು ಕಣ್ಣೆದುರೇ ಇರಲಿ. ಹೋಟೆಲಿನಲ್ಲಾಗಲಿ, ಪೆಟ್ರೋಲ್ ಬಂಕಿನಲ್ಲಾಗಲಿ ಅದನ್ನು ಒಳಗೆ ಒಯ್ಯಲು ಬಿಡಬೇಡಿ. ಮಷೀನನ್ನೇ ನಿಮ್ಮ ಬಳಿಗೆ ತರಿಸಿ. ಎಷ್ಟೋ ಜನ ಪಿನ್ ಅನ್ನು ಗಟ್ಟಿಯಾಗಿ ಹೇಳಿಬಿಡುತ್ತಾರೆ. ಖಂಡಿತ ಕೂಡದು. ಕೈ ಅಡ್ಡ ಹಿಡಿದು ನೀವೇ ಒತ್ತಿ.

2. ಫೋಟೊ ಕಳಿಸಬೇಡಿ. ದಸರೆಗೆ ಮೈಸೂರಿನಲ್ಲಿ ರೂಮು ಕೇಳಿದಾಗ ‘ಕಾರ್ಡಿನ ಎರಡೂ ಬದಿ ವಾಟ್ಸ್‌ಆ್ಯಪ್ ಮಾಡಿ ಸರ್’ ಎಂದರೆ ಒಪ್ಪಬೇಡಿ. ಆ ಫೋಟೊ ಯಾರ ಫೋನಿನಲ್ಲಿ ಎಷ್ಟು ಕಾಲ ಉಳಿಯುತ್ತದೋ ಮ್ಯಾನೇಜರಿಗೂ ಗೊತ್ತಿರದು. ನಂಬರು, ಅವಧಿ, ಸಿವಿವಿ ಮೂರೂ ಸಿಕ್ಕವರು ಒಟಿಪಿ ಕೇಳದ ವಿದೇಶಿ ಜಾಲತಾಣದಲ್ಲಿ ನಿಮ್ಮ ದುಡ್ಡಿನಲ್ಲಿ ಖರೀದಿ ಮಾಡಬಹುದು. ಹೋಟೆಲಿನ ಅಧಿಕೃತ ನಂಬರಿಗೆ ಫೋನ್ ಮಾಡಿ ಪೇಮೆಂಟ್ ಲಿಂಕ್ ತರಿಸಿಕೊಳ್ಳಿ, ಇಲ್ಲವೇ ಯುಪಿಐನಲ್ಲಿ ಮುಂಗಡ ಕಟ್ಟಿ. ಎರಡಕ್ಕೂ ಒಪ್ಪದಿದ್ದರೆ ಬೇರೆ ಹೋಟೆಲ್ ನೋಡುವುದೇ ಮೇಲು.

3. ಬೇಡದ ಬಾಗಿಲು ಮುಚ್ಚಿ. ವಿದೇಶಿ, ಆನ್‌ಲೈನ್, ಟ್ಯಾಪ್ ವಹಿವಾಟನ್ನು ಬೇರೆ ಬೇರೆಯಾಗಿ ಬಂದ್ ಮಾಡುವ, ಮಿತಿ ಹಾಕುವ ಸೌಲಭ್ಯ 2020ರಿಂದ ಇದೆ. ಟ್ಯಾಪ್ ಮಾಡಿದರೆ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೂ ಹಣ ಹೋಗಬಹುದು. ವಿದೇಶ ಪ್ರವಾಸ ಇಲ್ಲದವರಿಗೆ ವಿದೇಶಿ ವಹಿವಾಟು ಆನ್ ಆಗಿರುವುದೇಕೆ?

4. ಸೇವ್ ಮಾಡುವುದಾದರೆ ಟೋಕನ್. 2022ರ ಅಕ್ಟೋಬರ್ 1ರಿಂದ ಭಾರತದ ಆನ್‌ಲೈನ್ ವ್ಯಾಪಾರಿಗಳು ಪೂರ್ತಿ ಕಾರ್ಡ್ ನಂಬರು ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಆ ವ್ಯಾಪಾರಿಗಷ್ಟೇ ಸಲ್ಲುವ ಟೋಕನ್ ಇರುತ್ತದೆ. ಅಪರೂಪಕ್ಕೆ ಕೊಳ್ಳುವ ಕಡೆ ಅದೂ ಬೇಡ.

5. ಒಟಿಪಿ ಸಂದೇಶವನ್ನು ಪೂರ್ತಿ ಓದಿ. ಮೊತ್ತ, ಅಂಗಡಿಯ ಹೆಸರು ಅದರಲ್ಲೇ ಇರುತ್ತದೆ. ‘ರೀಫಂಡ್ ಹಾಕುತ್ತೇವೆ, ಒಟಿಪಿ ಹೇಳಿ’ ಎಂದವರು ಮೋಸಗಾರರು.

6. ನಿಮ್ಮದಲ್ಲದ ಖರ್ಚು ಕಂಡೊಡನೆ ಕಾರ್ಡು ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ದೂರು ಕೊಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆರ್‌ಬಿಐನ 2017ರ ನಿಯಮದಂತೆ, ತಪ್ಪು ನಿಮ್ಮದಾಗಲಿ ಬ್ಯಾಂಕಿನದಾಗಲಿ ಅಲ್ಲದೆ ಹೊರಗಿನವರಿಂದ ನಡೆದ ಮೋಸವನ್ನು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳದು. ಒಟಿಪಿಯನ್ನು ನೀವೇ ಹೇಳಿದ್ದರೆ, ತಿಳಿಸುವ ತನಕ ಆದ ನಷ್ಟ ನಿಮ್ಮದೇ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಲು ಅದು ಬೇಕಾಗುತ್ತದೆ.