ಮಳೆಯಿಲ್ಲದ ಸಿಡಿಲು: ತೋಟದ ಅಂಚಿನಲ್ಲಿ ಎಚ್ಚರ

ಮಾರ್ಚ್ ತಿಂಗಳು ಬಂತೆಂದರೆ ಪುತ್ತೂರು, ಸುಳ್ಯ, ಕಡಬದ ಬೆಳೆಗಾರರಾದ ನಾವೆಲ್ಲ ಸಂಜೆಯ ಹೊತ್ತು ಘಟ್ಟದ ಕಡೆ ನೋಡುತ್ತೇವೆ. ಕಾಫಿಗೆ ಹೂಮಳೆ ಬೇಕು, ಅಡಿಕೆಯ ಬುಡಕ್ಕೂ ತಂಪು ಬೇಕು. ಆದರೆ ಕೆಲವು ದಿನ ಗುಡುಗು ಸಿಡಿಲು ಜೋರಾಗಿ ಬಂದು, ಮಳೆ ಮಾತ್ರ ನಾಲ್ಕು ಹನಿ ಚೆಲ್ಲಿ ಹೋಗುತ್ತದೆ. ಆ ದಿನಗಳ ಅಪಾಯವನ್ನು ಇಲ್ಲಿ ತಿಳಿದುಕೊಳ್ಳೋಣ.

ಮೋಡ ಬಹಳ ಎತ್ತರದಲ್ಲಿದ್ದು ಕೆಳಗಿನ ಗಾಳಿ ಒಣಗಿದ್ದರೆ, ಮಳೆಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಸಿಡಿಲು ಮಾತ್ರ ನೆಲಕ್ಕಿಳಿಯುತ್ತದೆ. 2020ರ ಆಗಸ್ಟಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂಥ ಒಣಸಿಡಿಲಿನಿಂದ ಕೆಲವೇ ದಿನಗಳಲ್ಲಿ ನೂರಾರು ಕಡೆ ಕಾಡಿಗೆ ಬೆಂಕಿ ಬಿತ್ತು. ನಮ್ಮಲ್ಲಿ ಅದು ಅಪರೂಪ. ನಮ್ಮ ಗುಡ್ಡೆಗಳಿಗೆ ಬೀಳುವ ಬೆಂಕಿಯಲ್ಲಿ ಹೆಚ್ಚಿನದು ಮನುಷ್ಯರ ಕೈಯಿಂದಲೇ. ಆದರೂ ಗುಡುಗಿನ ಮುಂಚೆ ಬೀಸುವ ಗಾಳಿಗೆ ಒಂದು ಕಿಡಿ ಸಾಕು. ಗಾಳಿಯ ದಿಕ್ಕು ಒಮ್ಮೆಲೇ ತಿರುಗಿದರೆ, ಗುಡ್ಡೆ ಹತ್ತುತ್ತಿದ್ದ ಬೆಂಕಿ ಕೆಳಗಿನ ತೋಟಕ್ಕೆ ಹೊರಳುತ್ತದೆ. ಅಡಿಕೆಗೆ ಇರುವುದು ಒಂದೇ ಸುಳಿ. ಅದು ಬೆಂದರೆ ಮರ ಮತ್ತೆ ಚಿಗುರದು. ಹೊಸ ಸಸಿಯ ಫಸಲಿಗೆ ಐದಾರು ವರ್ಷ ಕಾಯಬೇಕು.

ಆದುದರಿಂದ ನಾವು ಮಾಡಬೇಕಾದುದು:

1. ಕುಮ್ಕಿ ಗುಡ್ಡೆಗೂ ತೋಟಕ್ಕೂ ನಡುವೆ ಮುಳಿಹುಲ್ಲು, ತರಗೆಲೆ, ಒಣ ಸೋಗೆಗಳನ್ನು ತೆಗೆದು, ಮಣ್ಣು ಕಾಣುವಂತೆ ಬೆಂಕಿರೇಖೆ ಕೆರೆಯಬೇಕು. ಶಿವರಾತ್ರಿಯೊಳಗೆ ಈ ಕೆಲಸ ಮುಗಿದಿರಲಿ.

2. ಮೋಡ ಕಟ್ಟಿದ ದಿನ ಸುಡುಮಣ್ಣಿನ ರಾಶಿಗೆ ಬೆಂಕಿ ಇಡಬಾರದು. ಮೊದಲೇ ಹೊಗೆಯಾಡುತ್ತಿದ್ದರೆ ನೀರು ಹೊಯ್ದು ಪೂರ್ತಿ ಆರಿಸಬೇಕು.

3. ಮಿಂಚು ಕಂಡ ಮೇಲೆ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ, ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ ಎಂದರ್ಥ. ಮರ ಹತ್ತಿದವರು ಇಳಿಯಬೇಕು, ದೋಟಿ ಹಿಡಿದವರು ಕೆಳಗಿಡಬೇಕು. ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆಂಬುದನ್ನು ಮರೆಯಬಾರದು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವ ತನಕ ಮನೆಯೊಳಗೇ ಇರಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಮೊಬೈಲಿನಲ್ಲಿದ್ದರೆ ಮುನ್ಸೂಚನೆ ಸಿಗುತ್ತದೆ.

4. ಸಿಡಿಲು ಬಡಿದ ಒಣಮರ ಒಳಗೊಳಗೇ ಕನಲುತ್ತಿದ್ದು, ಎರಡು ಮೂರು ದಿನ ಕಳೆದೂ ಹೊತ್ತಿಕೊಳ್ಳಬಹುದು. ಅಂಥ ಮರವನ್ನು ದಿನಾ ಹೋಗಿ ನೋಡಬೇಕು.

5. ಗುಡ್ಡೆಯಲ್ಲಿ ಹೊಗೆ ಕಂಡರೆ ಒಬ್ಬರೇ ಓಡಬಾರದು. 112ಕ್ಕೂ ಅರಣ್ಯ ಇಲಾಖೆಯವರಿಗೂ ತಿಳಿಸಿ, ನೆರೆಕರೆಯವರನ್ನು ಕೂಗಬೇಕು.

ಬೆಂಕಿಗೆ ಯಾರ ವರ್ಗ, ಯಾರ ಕುಮ್ಕಿ ಎಂಬುದಿಲ್ಲ. ಒಬ್ಬರು ಬೆಂಕಿರೇಖೆ ಕೆರೆದು ಪಕ್ಕದವರು ಬಿಟ್ಟರೆ ಇಬ್ಬರ ತೋಟಕ್ಕೂ ಅಪಾಯವೇ. ಈ ಕೆಲಸವನ್ನು ನೆರೆಕರೆಯವರೆಲ್ಲ ಒಂದೇ ದಿನ ಕೂಡಿ ಮಾಡೋಣ.