ಬುದ್ಧಿಯನ್ನು ಬೈಯುವ ಮೊದಲು ತಟ್ಟೆ ನೋಡೋಣ

"ಊಟ ಬಲ್ಲವನಿಗೆ ರೋಗವಿಲ್ಲ" ಅಂತ ನಮ್ಮ ಹಿರಿಯರು ಹೇಳ್ತಾ ಬಂದಿದ್ದಾರೆ. ಈ ಗಾದೆ ಕೇಳಿದ ಕೂಡಲೇ ನಮಗೆ ನೆನಪಾಗೋದು ಹೊಟ್ಟೆ, ತೂಕ, ಶುಗರ್, ಬಿಪಿ. ತಲೆಯ ಮಾತು ಅಲ್ಲಿ ಬರೋದೇ ಇಲ್ಲ. ಆದರೆ ಇಂಜಿನಿಯರಿಂಗ್ ಓದುವ ನಾವು ದಿನವಿಡೀ ದುಡಿಸಿಕೊಳ್ಳುವುದು ತಲೆಯನ್ನೇ ಅಲ್ವಾ?

ಇಂಟರ್ನಲ್ಸ್ ವಾರದಲ್ಲಿ ನಮ್ಮ ದಿನಚರಿ ನೋಡಿ. 9 ಗಂಟೆ ಕ್ಲಾಸಿಗೆ ಎಂಟೂವರೆಗೆ ಎದ್ದು ತಿಂಡಿಗೆ ಚಕ್ಕರ್. 11ಕ್ಕೆ ಕ್ಯಾಂಟೀನಿನಲ್ಲಿ ಪಫ್ ಮತ್ತು ಟೀ. ರಾತ್ರಿ 1 ಗಂಟೆಗೆ ನೂಡಲ್ಸ್. ಮಧ್ಯಾಹ್ನದ ಪಾಠ ತಲೆಗೆ ಹೋಗದಿದ್ದರೆ "ನಂಗೆ ಈ ಸಬ್ಜೆಕ್ಟ್ ಬರಲ್ಲ, ನಾನೇ ಸೋಮಾರಿ" ಅಂತ ಬೈದುಕೊಳ್ಳುತ್ತೇವೆ. ಲ್ಯಾಬಿನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಮೊದಲು ಪವರ್ ಸಪ್ಲೈ ಚೆಕ್ ಮಾಡ್ತೀವಿ. ನಮ್ಮ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ.

ಮೆದುಳಿನ ಖರ್ಚು

ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು 2%. ಆದರೆ ನಾವು ಸುಮ್ಮನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20% ಅದೊಂದಕ್ಕೇ ಹೋಗುತ್ತೆ. ಅದರ ಮುಖ್ಯ ಇಂಧನ ಗ್ಲೂಕೋಸ್. ಮೆದುಳು ಅದನ್ನು ಹೆಚ್ಚು ಕೂಡಿಟ್ಟುಕೊಳ್ಳಲಾರದು, ರಕ್ತದಿಂದ ಸತತವಾಗಿ ಸಿಗುತ್ತಿರಬೇಕು. ರಾತ್ರಿ ನಾವು ಮಲಗಿದಾಗ ಲಿವರ್ ತನ್ನ ದಾಸ್ತಾನಿನಿಂದ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಮಾಡುತ್ತಾ ಇರುತ್ತೆ. ಬೆಳಗಿನ ತಿಂಡಿ ಆ ದಾಸ್ತಾನನ್ನು ಮತ್ತೆ ತುಂಬಿಸುವ ಕೆಲಸ.

ಏನು ತಿಂತೀವಿ ಅನ್ನೋದೂ ಮುಖ್ಯ. ಮೈದಾ, ಸಕ್ಕರೆ ಬೇಗ ಜೀರ್ಣವಾಗಿ ರಕ್ತದ ಗ್ಲೂಕೋಸನ್ನು ಸರ್ರನೆ ಏರಿಸುತ್ತವೆ. ಇನ್ಸುಲಿನ್ ಅದನ್ನು ಇಳಿಸಿದಾಗ ಕೆಲವರಿಗೆ ಮತ್ತೆ ಹಸಿವು, ಮಂಕು. ನಾರಿನಂಶ, ಪ್ರೋಟೀನ್ ಇರುವ ಊಟದಲ್ಲಿ ಈ ಏರಿಳಿತ ಕಡಿಮೆ. ಇಡ್ಲಿ ಜೊತೆ ಬೇಳೆ ಸಾಂಬಾರ್, ಮುದ್ದೆ ಜೊತೆ ಕಾಳು ಸೊಪ್ಪಿನ ಬಸ್ಸಾರು ಅನ್ನೋ ಜೋಡಿಗಳನ್ನು ಮಾಡಿದವರು ಗ್ರಾಫ್ ಹಾಕಿ ನೋಡಿರಲಿಲ್ಲ, ಆದರೂ ಲೆಕ್ಕ ಸರಿಯಾಗಿದೆ.

ಎಲ್ಲ ಸುಸ್ತೂ ಸೋಮಾರಿತನ ಅಲ್ಲ

ಇದು ನಾವು ಒತ್ತಿ ಹೇಳಬೇಕಾದ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಇದೇ ವಯಸ್ಸಿನ ಗಂಡಸರಲ್ಲಿ 25%. ಅಂದರೆ ನಮ್ಮ ಬೆಂಚಿನಲ್ಲೇ ಒಬ್ಬರಿಗಾದರೂ ಇರಬಹುದು. ರಕ್ತಹೀನತೆಗೆ ಬಹಳ ಸಲ ಕಾರಣ ಕಬ್ಬಿಣದ ಕೊರತೆ. ಕಬ್ಬಿಣ ಕಡಿಮೆಯಾದರೆ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಕಡಿಮೆ. ಆಮೇಲೆ ಸುಸ್ತು, ತಲೆಸುತ್ತು, ಗಮನ ನಿಲ್ಲದಿರೋದು. ಬಿ12 ಕೊರತೆಯಲ್ಲೂ ಸುಸ್ತು, ಮರೆವು ಬರಬಹುದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಬಿ12 ಸಿಗುತ್ತೆ, ಸೊಪ್ಪು ತರಕಾರಿಯಲ್ಲಿ ಇಲ್ಲ. ವಾರಗಟ್ಟಲೆ ಸುಸ್ತು ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ. ತಾವಾಗಿಯೇ ಮಾತ್ರೆ ನುಂಗೋದು ಬೇಡ.

ಹಾಸ್ಟೆಲಿನಲ್ಲೇ ಮಾಡಬಹುದಾದದ್ದು

ಊಟದ ಜೊತೆಗೇ ಟೀ, ಕಾಫಿ ಬೇಡ. ಅವು ಕಾಳು, ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ನಿಂಬೆಹಣ್ಣು ಇದಕ್ಕೆ ತದ್ವಿರುದ್ಧ: ಅದರ ಸಿ ವಿಟಮಿನ್ ಕಬ್ಬಿಣಕ್ಕೆ ದಾರಿ ಮಾಡಿಕೊಡುತ್ತೆ. ಮೊಳಕೆ ಹೆಸರುಕಾಳಿಗೆ ನಿಂಬೆ ಹಿಂಡಿದರೆ ಸ್ಟವ್ ಕೂಡ ಬೇಕಿಲ್ಲ.

ಮೆಸ್ಸಿನ ತಿಂಡಿ ತಪ್ಪಿದ ದಿನಕ್ಕೆ ರೂಮಿನಲ್ಲಿ ಬಾಳೆಹಣ್ಣು, ಹುರಿದ ಕಡಲೆಕಾಯಿ, ಹುರಿಗಡಲೆ ಇರಲಿ. ಪಫ್ಫಿಗೆ ಕೊಡುವ ದುಡ್ಡಿನಲ್ಲೇ ಮುಗಿಯುತ್ತೆ.

ಬ್ಯಾಗಿನಲ್ಲಿ ನೀರಿನ ಬಾಟಲಿ ಇರಲಿ. ನೀರು ಸ್ವಲ್ಪ ಕಡಿಮೆಯಾದರೂ ತಲೆನೋವು ಬರಬಹುದು, ಗಮನ ಚದುರಬಹುದು. ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಸಿಕ್ಕರೆ ಇನ್ನೂ ಒಳ್ಳೇದು.

ಕೆಫೀನ್ ಶಕ್ತಿ ಕೊಡಲ್ಲ, ದಣಿವಿನ ಸಂದೇಶವನ್ನು ಸ್ವಲ್ಪ ಹೊತ್ತು ತಡೆಯುತ್ತೆ ಅಷ್ಟೆ. ಅರ್ಧ ಇಳಿಯೋಕೆ ಸುಮಾರು 5 ಗಂಟೆ ಬೇಕು. ಸಂಜೆ 7ಕ್ಕೆ ಕುಡಿದ ಕಾಫಿಯ ಅರ್ಧದಷ್ಟು ಕೆಫೀನ್ ಮಧ್ಯರಾತ್ರಿಗೂ ಒಳಗೇ ಇರುತ್ತೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗೋದು ನಿದ್ದೆಯಲ್ಲಿ. ಆ ನಿದ್ದೆಗೇ ಕಲ್ಲು ಹಾಕಿ ಓದಿದರೆ ಲಾಭವೇನು?

ಊಟಕ್ಕೂ ಮಿತಿ ಇದೆ

ಸರಿಯಾಗಿ ಉಂಡರೆ ಎಲ್ಲ ದುಗುಡ ಮಾಯವಾಗುತ್ತೆ ಅಂತ ನಾವು ಹೇಳ್ತಿಲ್ಲ. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಊಟವೇ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದು ಮುದ್ದೆ ಸಾರಿನಿಂದ ಸರಿಹೋಗುವಂಥದ್ದಲ್ಲ. ಅಂಥ ಹೊತ್ತಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರಲ್ಲಿ ಶುರುವಾದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಉಳಿದಂತೆ ನಾಳೆ ಬೆಳಿಗ್ಗೆ ಹತ್ತು ನಿಮಿಷ ಬೇಗ ಏಳೋಣ. ಪಕ್ಕದ ರೂಮಿನ ಗೆಳೆಯ ನಾಲ್ಕು ದಿನದಿಂದ ಮೆಸ್ಸಿನ ಕಡೆ ಬಂದಿಲ್ಲ ಅಂದರೆ ಬಾಗಿಲು ತಟ್ಟಿ, "ಬಾರೋ, ತಿಂಡಿಗೆ ಹೋಗೋಣ" ಅಂತ ಕರೆಯೋಣ.