ಡ್ರಾಯಿಂಗ್‌ನಲ್ಲಿ ಲೋಹದ ಹೆಸರು ಬರೆಯುವ ಮುನ್ನ

ಮಗೂ, ಪೀಣ್ಯದಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯ ಡಿಸೈನ್ ವಿಭಾಗಕ್ಕೆ ಸೇರಿದ್ದೀಯ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ತುಂಬ ಸಂತೋಷವಾಯಿತು. ಲೋಹದ ಜೊತೆಯಲ್ಲೇ ಕೂದಲು ನರೆತವನು ನಾನು. ನಿನಗೆ ಹೇಳಬೇಕಾದದ್ದು ಒಂದೇ: ಯಾವ ಲೋಹ ಎಂಬ ತೀರ್ಮಾನವನ್ನು, ಅದನ್ನು ಹೇಗೆ ಕಾಯಿಸುತ್ತಾರೆ, ಹೇಗೆ ಕೊರೆಯುತ್ತಾರೆ, ಯಾವುದರಲ್ಲಿ ತೊಳೆಯುತ್ತಾರೆ ಎಂಬುದರಿಂದ ಬೇರೆ ಮಾಡಬೇಡ.

7075 ಅಲ್ಯೂಮಿನಿಯಂ ನೋಡು. ಜಪಾನಿನ ಜೀರೊ ಯುದ್ಧವಿಮಾನಕ್ಕೆ ಬಳಸಿದ್ದು ಅದರ ಹತ್ತಿರದ ನೆಂಟ. ಸುಮಾರು 470 ಡಿಗ್ರಿಗೆ ಕಾಯಿಸಿ, ತಟ್ಟನೆ ನೀರಿಗಿಳಿಸಿ, ಆಮೇಲೆ 120 ಡಿಗ್ರಿಯಲ್ಲಿ ಒಂದಿಡೀ ದಿನ ಇಟ್ಟರೆ ಟಿ6 ಎನ್ನುತ್ತೇವೆ. ಶಕ್ತಿಯ ಕಾಲಂ ನೋಡಿದರೆ ಅದೇ ಮೇಲು. ಆದರೆ ಎಳೆತದಲ್ಲಿರುವ ದಪ್ಪ ಭಾಗಕ್ಕೆ ಉಪ್ಪುಗಾಳಿ ತಾಗಿದರೆ ಒಳಗೊಳಗೇ ಬಿರುಕು ಬಿಡುತ್ತದೆ. ಎರಡನೇ ಸಲ ಇನ್ನೂ ಹೆಚ್ಚಿನ ಶಾಖದಲ್ಲಿ ಇಟ್ಟು ಟಿ73 ಮಾಡಿದರೆ ನೂರಕ್ಕೆ ಹತ್ತು ಹದಿನೈದರಷ್ಟು ಶಕ್ತಿ ಹೋಗುತ್ತದೆ, ಬಿರುಕಿನ ಭಯ ಬಹುಮಟ್ಟಿಗೆ ಹೋಗುತ್ತದೆ. ಲೋಹ ಅದೇ, ಕುಲುಮೆಯ ದಾರಿ ಬೇರೆ. ಇಂಥ ಕಡೆ ನಾನಾದರೆ ಟಿ73ನ್ನೇ ಬರೆಯುತ್ತೇನೆ.

ಟೈಟೇನಿಯಂ 6-4 ಇನ್ನೂ ಹಟಮಾರಿ. ತೂಕ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಶಕ್ತಿಗೆ ಕೊರತೆಯಿಲ್ಲ. ಆದರೆ ಶಾಖವನ್ನು ಸಾಗಿಸುವುದರಲ್ಲಿ 7075ರ ಇಪ್ಪತ್ತರಲ್ಲಿ ಒಂದು ಪಾಲೂ ಕಷ್ಟ. ಕೊರೆಯುವಾಗ ಹುಟ್ಟಿದ ಬಿಸಿ ಜಾಬಿಗೂ ಹೋಗದೆ, ಚಿಪ್ಪಿಗೂ ಹೋಗದೆ ಟೂಲಿನ ತುದಿಯಲ್ಲೇ ಕೂರುತ್ತದೆ. ಅದಕ್ಕೇ ಕಾರ್ಬೈಡ್ ಇನ್ಸರ್ಟ್ ಹಾಕಿದರೂ ನಿಮಿಷಕ್ಕೆ ಐವತ್ತು ಅರವತ್ತು ಮೀಟರಿನ ಆಸುಪಾಸಿನಲ್ಲೇ ಓಡಿಸುತ್ತಾರೆ. ಬಿಗಿತವೂ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ತೂಕ ಉಳಿಯಲೆಂದು ನೀನು ತೆಳ್ಳಗೆ ಬರೆದ ಗೋಡೆ ಟೂಲ್ ತಾಗಿದೊಡನೆ ಬಾಗಿ ಹಿಂದೆ ಸರಿಯುತ್ತದೆ, ಟೂಲ್ ಕತ್ತರಿಸುವ ಬದಲು ಉಜ್ಜುತ್ತದೆ, ಉಜ್ಜಿದಷ್ಟೂ ಬಿಸಿ. ಆಪರೇಟರ್ ಬಂದು ‘ಈ ಗೋಡೆ ನಿಲ್ಲಲ್ಲ ಮೇಡಂ’ ಎಂದರೆ ಡ್ರಾಯಿಂಗ್ ಹಿಡಿದು ವಾದಕ್ಕಿಳಿಯಬೇಡ; ಮೆಷಿನ್ ಹತ್ತಿರ ಹೋಗಿ ನಿಂತು ನೋಡು.

ತೊಳೆಯುವ ಮಾತೂ ಸಣ್ಣದಲ್ಲ. ಅಮೆರಿಕದ ಬರ್ಬ್ಯಾಂಕಿನಲ್ಲಿ ಲಾಕ್‌ಹೀಡ್‌ನವರು 1960ರ ದಶಕದಲ್ಲಿ ಬ್ಲ್ಯಾಕ್‌ಬರ್ಡ್ ವಿಮಾನಗಳನ್ನು ಬಹುಪಾಲು ಟೈಟೇನಿಯಂನಲ್ಲೇ ಕಟ್ಟುತ್ತಿದ್ದರು. ರೆಕ್ಕೆಗೆಂದು ಸ್ಪಾಟ್ ವೆಲ್ಡ್ ಮಾಡಿದ ಹಲಗೆಗಳಲ್ಲಿ ಬೇಸಿಗೆಯಲ್ಲಿ ಮಾಡಿದವು ಬೇಗ ಕೆಡುತ್ತಿದ್ದವು, ಚಳಿಗಾಲದಲ್ಲಿ ಮಾಡಿದವು ಬಾಳುತ್ತಿದ್ದವು. ಅದೇ ಲೋಹ, ಅದೇ ಕೆಲಸ. ಕೆದಕುತ್ತಾ ಹೋದಾಗ ಸಿಕ್ಕಿದ್ದು ಹಲಗೆ ತೊಳೆಯುತ್ತಿದ್ದ ನಲ್ಲಿ ನೀರು: ಪಾಚಿ ಕಟ್ಟದಿರಲೆಂದು ಊರಿನವರು ಬೇಸಿಗೆಯಲ್ಲಿ ಕ್ಲೋರಿನ್ ಹೆಚ್ಚು ಹಾಕುತ್ತಿದ್ದರು. ಬಟ್ಟಿ ಇಳಿಸಿದ ನೀರಿಗೆ ಬದಲಾಯಿಸಿದ ಮೇಲೆ ತೊಂದರೆ ನಿಂತಿತು. ಇದು ಪತ್ತೆಯಾದದ್ದು ಯಾವ ಹಲಗೆ ಯಾವಾಗ ಮಾಡಿದ್ದೆಂದು ಬರೆದಿಟ್ಟಿದ್ದರಿಂದ. ಬ್ಯಾಚ್ ಕಾರ್ಡ್ ತುಂಬುವಾಗ ಬೇಸರ ಬಂದರೆ ಇದನ್ನು ನೆನಪಿಸಿಕೋ.

ಲೋಹದ ಗಟ್ಟಿ ಕರಗಿಸುವಾಗಲೇ ಆದ ತಪ್ಪಂತೂ ಕಣ್ಣಿಗೇ ಬೀಳುವುದಿಲ್ಲ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಒಂದು ಡಿಸಿ-10 ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಎಂಜಿನ್ನಿನ ಟೈಟೇನಿಯಂ ಡಿಸ್ಕಿನೊಳಗೆ, ಲೋಹ ಕರಗಿಸುವ ಹಂತದಲ್ಲೇ ಸಾರಜನಕ ಸೇರಿ ಒಂದು ಪೆಡಸು ಚುಕ್ಕೆ ಉಳಿದಿತ್ತು. ಬಿರುಕು ಅಲ್ಲಿಂದ ಬೆಳೆದು, ಸುಮಾರು 17 ವರ್ಷ ಹಾರಿದ ಮೇಲೆ ಡಿಸ್ಕ್ ಒಡೆಯಿತು. ನಡುವಿನ ತಪಾಸಣೆಯಲ್ಲೂ ತಪ್ಪಿಹೋಗಿತ್ತು. ಆದ್ದರಿಂದ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಶಕ್ತಿಯ ಅಂಕಿಯನ್ನಷ್ಟೇ ಓದಬೇಡ. ಎಷ್ಟು ಸಲ, ಯಾವ ಬಗೆಯಲ್ಲಿ ಕರಗಿಸಿದ್ದಾರೆ, ಅಲ್ಟ್ರಾಸಾನಿಕ್ ಪರೀಕ್ಷೆ ಆಗಿದೆಯೇ, ಹೀಟ್ ನಂಬರ್ ಸರಳಿನ ಮೇಲಿನ ನಂಬರಿಗೆ ತಾಳೆಯಾಗುತ್ತದೆಯೇ ನೋಡು.

ಇನ್ನೊಂದು. ಟೈಟೇನಿಯಂನ ಸಣ್ಣ ಚೂರಿಗೆ ಬೆಂಕಿ ಹತ್ತಿದರೆ ನೀರು ಹಾಕಕೂಡದು. ಉರಿಯುವ ಲೋಹ ನೀರನ್ನೇ ಒಡೆದು ಹೈಡ್ರೋಜನ್ ಬಿಡಿಸುತ್ತದೆ, ಬೆಂಕಿ ಸಿಡಿಯುತ್ತದೆ. ಒಣ ಮರಳು ಬೇಕು, ಇಲ್ಲವೇ ಲೋಹದ ಬೆಂಕಿಗೆಂದೇ ಇರುವ ಪುಡಿ. ನಾಳೆ ಡ್ಯೂಟಿಗೆ ಹೋದಾಗ ಅದನ್ನು ಎಲ್ಲಿಟ್ಟಿದ್ದಾರೆ ನೋಡಿಕೋ, ಚೂರಿನ ಡಬ್ಬ ದಿನಾ ಖಾಲಿ ಮಾಡುತ್ತಾರೆಯೇ ಎಂದು ಕೇಳು.